ಮೀನಿನ ತೊಟ್ಟಿಗೆ ಕೊರಡು: ಆಯ್ಕೆ ಮತ್ತು ಸಂಸ್ಕಾರ

ಮೀನುಗಳನ್ನು ಸಾಕಿ, ಅವುಗಳ ಚಲನವಿಲಾಸವನ್ನು ನೋಡಿ ಸಂತೋಷಪಡುವ ಹವ್ಯಾಸವು ಪರದೇಶದಿಂದ ಬಂದುದೆಂದು ಅನೇಕರು ಭಾವಿಸಿರುವುದುಂಟು. ಗಾಜಿನ ತೊಟ್ಟಿಯೇನೋ ಈಚಿನದು, ನಿಜ. ಆದರೆ ಮೀನಿನ ಬಗೆಗಿನ ಕುತೂಹಲ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದ್ದು, ಮೀನುಗಳ ಜಾತಿಭೇದ, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ಕ್ರಮ ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಆ ಚಕ್ರವರ್ತಿಗಳಿಗೆ ಸಾಮಂತರಾಗಿದ್ದ ಸಿಂದ ಅರಸರ ಎರಂಬರಗೆಯೇ ಇಂದಿನ ಯಲಬುರ್ಗಾ ಎಂಬುದನ್ನು ನೆನೆದಾಗ, ಈ ವಿಷಯವು ನಮ್ಮ ಸೀಮೆಗೆ ತೀರ ಹೊರಗಿನದಲ್ಲವೆಂಬುದು ಮನದಟ್ಟಾಗುತ್ತದೆ.

ಇಂದು ಅನೇಕ ಮನೆಗಳ ಪಡಸಾಲೆಯಲ್ಲಿಯೂ ಶಾಲೆಗಳ ವಿಜ್ಞಾನ ಕೊಠಡಿಗಳಲ್ಲಿಯೂ ಗಾಜಿನ ತೊಟ್ಟಿಗಳು ಕಾಣಸಿಗುತ್ತವೆ. ಅವುಗಳಲ್ಲಿ ಬಣ್ಣದ ಕಲ್ಲು, ಪ್ಲಾಸ್ಟಿಕ್ಕಿನ ಗಿಡಗಳಿಗೆ ಬದಲಾಗಿ ಒಂದು ಸಹಜವಾದ ಕೊರಡನ್ನು ಇಡುವುದು ಎಲ್ಲ ದೃಷ್ಟಿಯಿಂದಲೂ ಮೇಲು. ಅಂಜುವ ಮೀನಿಗೆ ಅದು ಮರೆಯಾಗುತ್ತದೆ. ಕೆಲವು ಜಾತಿಯ ಮೀನುಗಳು ಅದರ ಮೇಲೆ ಬೆಳೆಯುವ ಪಾಚಿಯನ್ನು ಕೆರೆದು ತಿನ್ನುತ್ತವೆ. ಮೀನಿನ ಮಲದಿಂದ ಉಂಟಾಗುವ ಅಮೋನಿಯಾವನ್ನು ಕಡಿಮೆ ಅಪಾಯದ ರೂಪಕ್ಕೆ ತರುವ ಸೂಕ್ಷ್ಮಜೀವಿಗಳಿಗೆ ಅದರ ಮೈ ನೆಲೆಯಾಗುತ್ತದೆ. ಆದರೆ ಹಾದಿಯಲ್ಲಿ ಬಿದ್ದ ಯಾವುದೋ ಕಟ್ಟಿಗೆಯನ್ನು ತಂದು, ತೊಳೆದು, ಸಂಜೆಗೆ ತೊಟ್ಟಿಯಲ್ಲಿಟ್ಟರೆ, ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುವ ಪ್ರಸಂಗಗಳು ಅಪರೂಪವಲ್ಲ. ತಾನೇ ಆಸೆಪಟ್ಟು ಇಟ್ಟ ಕಟ್ಟಿಗೆಯಿಂದ ತಾನು ಸಾಕಿದ ಜೀವ ಹೋಯಿತೆಂಬ ನೋವು ಬಾಲಕನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ಮರ ಯಾವುದು, ಅದು ಎಲ್ಲಿ ನಿಂತಿತ್ತು, ಏನನ್ನು ಕುಡಿದು ಬೆಳೆಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದ ಹೊರತು ಯಾವ ಕೊರಡನ್ನೂ ತೊಟ್ಟಿಗೆ ಇಳಿಸಬಾರದು.

ಗಟ್ಟಿತನದ ಪರೀಕ್ಷೆ

ಮರದ ಕಾಂಡವನ್ನು ಅಡ್ಡ ಕೊಯ್ದು ನೋಡಿದರೆ ಹೊರಗೆ ತಿಳಿಬಣ್ಣದ ಭಾಗವೂ ಒಳಗೆ ಗಾಢವರ್ಣದ ಭಾಗವೂ ತೋರುತ್ತವೆ. ಒಳಗಿನದನ್ನು ಕನ್ನಡದಲ್ಲಿ ಚೇಗು ಎನ್ನುತ್ತಾರೆ. ಹೊರಭಾಗದಲ್ಲಿ ಮರದ ರಸ ಸಂಚರಿಸುತ್ತಿರುವುದರಿಂದ ಅದರಲ್ಲಿ ಪಿಷ್ಟ, ಸಕ್ಕರೆಗಳು ಉಳಿದಿರುತ್ತವೆ. ನೀರಿಗೆ ಬಿದ್ದೊಡನೆ ಅದು ಕೊಳೆಯತೊಡಗುತ್ತದೆ. ಕೊಳೆಯುವ ವಸ್ತುವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದಾದರೆ, 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಮಿಗೆ ಇಳಿಯುತ್ತದೆ. ಕೊಪ್ಪಳದ ಬೇಸಗೆಯಲ್ಲಿ ತೊಟ್ಟಿಯ ನೀರು ಸಹಜವಾಗಿಯೇ ಬೆಚ್ಚಗಿರುತ್ತದೆ. ಅಂತಹ ನೀರಿನಲ್ಲಿ ಕೊಳೆಯುವ ಕಟ್ಟಿಗೆಯೂ ಇದ್ದರೆ ಮೀನಿನ ಉಸಿರಿಗೆ ಉಳಿಯುವುದೇನು? ಆದುದರಿಂದ ತೊಟ್ಟಿಗೆ ಬೇಕಾದುದು ಚೇಗೇ ಹೊರತು ಹೊರಮರವಲ್ಲ.

ಚೇಗನ್ನು ಹುಡುಕುವ ಕಾರ್ಯದಲ್ಲಿ ನಮ್ಮ ಬಯಲುಸೀಮೆಯ ಗೆದ್ದಲು ಒಂದು ಉಪಕಾರ ಮಾಡುತ್ತದೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹೊಲದ ಬದುಗಳಲ್ಲಿ ವರುಷಗಟ್ಟಲೆ ಬಿದ್ದಿರುವ ಹುಣಸೆ ಅಥವಾ ಕರಿಜಾಲಿಯ ಬೇರುಗಡ್ಡೆಯನ್ನು ಗಮನಿಸಿದರೆ, ಮೆದುವಾದ ಹೊರಭಾಗವನ್ನೆಲ್ಲ ಗೆದ್ದಲು ತಿಂದು, ಚೇಗನ್ನು ಮಾತ್ರ ಉಳಿಸಿರುವುದು ಕಂಡುಬರುತ್ತದೆ. ಬಡಗಿಯು ಉಳಿ ಹಿಡಿದು ತಿಂಗಳು ಕೆತ್ತಿದರೂ ಮೂಡದಂತಹ ಸುರುಳಿ, ಕೊರಕಲು, ಟೊಳ್ಳುಗಳು ಅದರಲ್ಲಿ ತಾನಾಗಿ ಮೂಡಿರುತ್ತವೆ. ಹಳೆಯ ಹುಣಸೆಯ ಚೇಗಂತೂ ನೇರಳೆ ಛಾಯೆಯ ಕಂದುಬಣ್ಣದ್ದು, ಅತ್ಯಂತ ಭಾರವಾದುದು. ಉಗುರಿನಿಂದ ಒತ್ತಿದಾಗ ಗುರುತು ಬೀಳಬಾರದು. ಕಲ್ಲಿಗೆ ತಟ್ಟಿದಾಗ ಬೊದ್ದು ಸದ್ದಾಗದೆ ಖಣಿಲೆನ್ನಬೇಕು. ಮೂಸಿದಾಗ ಬೂಷ್ಟಿನ ವಾಸನೆ ಬರಬಾರದು. ಮನೆಯ ಹಿತ್ತಲಿನಲ್ಲಿ ಒಣಗಿದ ಪೇರಲ ಗಿಡದ ಕೊಂಬೆಯೂ ಇದಕ್ಕೆ ಯೋಗ್ಯವಾದುದೇ.

ನಿರ್ದೋಷತೆಯ ಪರೀಕ್ಷೆ

ಗೆದ್ದಲು ಮುಟ್ಟದ ಮರವೆಲ್ಲ ಮೀನಿಗೆ ಹಿತವೆಂದು ತಿಳಿಯುವುದು ಮಾತ್ರ ದೊಡ್ಡ ಪ್ರಮಾದ. ಬೇವನ್ನೂ ಗೆದ್ದಲು ಅಷ್ಟಾಗಿ ಮುಟ್ಟದು. ಅದಕ್ಕೆ ಕಾರಣ ಅದರ ಗಟ್ಟಿತನವಲ್ಲ, ಅದರ ಕಹಿ. ಹುಳುಗಳನ್ನು ದೂರವಿಡುವ ಆ ಕಹಿಯೇ ಮೀನಿಗೂ ಮಾರಕ. ಹೊಂಗೆ, ಕಳ್ಳಿ, ಮಂಗಾರೆ ಇವುಗಳ ರಸ, ಹಾಲು, ಕಾಯಿಗಳಿಂದ ಹೊಂಡದ ಮೀನುಗಳನ್ನು ಮಂಕುಗೊಳಿಸಿ ಹಿಡಿಯುವ ರೂಢಿ ಹಿಂದಿನಿಂದಲೂ ಇದ್ದುದನ್ನು ಹಳ್ಳಿಯ ಹಿರಿಯರು ಬಲ್ಲರು. ಎಕ್ಕೆ, ಕಣಗಿಲೆಗಳ ವಿಷವಂತೂ ಪ್ರಸಿದ್ಧವಾಗಿದೆ. ನೀಲಗಿರಿ, ಶ್ರೀಗಂಧಗಳಲ್ಲಿ ತೈಲಾಂಶವಿದೆ. ಇವೆಲ್ಲವೂ ತೊಟ್ಟಿಗೆ ವರ್ಜ್ಯ. ಹೆಸರು ತಿಳಿಯದ ಮರವನ್ನು ಕುದಿಸಿ ಶುದ್ಧಿಮಾಡುತ್ತೇನೆಂಬ ಸಾಹಸವೂ ಸಲ್ಲದು. ವಿಷದ ಮರದ ಆವಿ ಮನುಷ್ಯನಿಗೂ ಕೇಡು ಮಾಡಬಲ್ಲುದು.

ಎರಡನೆಯದಾಗಿ, ಮರ ಒಳ್ಳೆಯದಾದರೂ ಅದು ನಿಂತ ನೆಲ ಎಂತಹುದೆಂಬುದನ್ನು ವಿಚಾರಿಸಬೇಕು. ಕುಷ್ಟಗಿ ಭಾಗದ ದಾಳಿಂಬೆ ತೋಟಗಳು ಹೆಸರಾದುವು. ದುಂಡಾಣು ಅಂಗಮಾರಿ ರೋಗ ತಗುಲಿ ರೈತರು ಕಿತ್ತೆಸೆದ ದಾಳಿಂಬೆಯ ಬೊಡ್ಡೆಗಳು ವಕ್ರವಾಗಿ, ನೋಡಲು ಬಹು ಚೆಲುವಾಗಿರುತ್ತವೆ. ಆದರೆ ಅಂತಹ ಗಿಡಗಳಿಗೆ ರೋಗನಿವಾರಣೆಗಾಗಿ ತಾಮ್ರದ ಔಷಧಗಳನ್ನು ಮೇಲಿಂದ ಮೇಲೆ ಸಿಂಪಡಿಸಿರುತ್ತಾರೆ. ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೂ ನೀರಿನ ಶಂಖದ ಹುಳುಗಳಿಗೂ ವಿಷ. ಅದಲ್ಲದೆ ದಾಳಿಂಬೆಯ ಬೇರಿನ ತೊಗಟೆಯಲ್ಲಿಯೇ ಹೊಟ್ಟೆಯ ಲಾಡಿಹುಳುವನ್ನು ಕೊಲ್ಲುವ ಕ್ಷಾರಸತ್ವವುಂಟು. ಚೆಲುವಿಗೆ ಮಾರುಹೋಗಿ ಅದನ್ನು ತರಬಾರದು. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗದ್ದೆಗಳಿವೆ. ಆ ಗದ್ದೆಗಳ ಬಸಿಗಾಲುವೆಯಲ್ಲಿ ನೆನೆದು ಬಿದ್ದಿರುವ ಕಟ್ಟಿಗೆ ಗೊಬ್ಬರ, ಕೀಟನಾಶಕಗಳನ್ನು ಹೀರಿಕೊಂಡಿರುವ ಸಂಭವ ಹೆಚ್ಚು. ‘ನೀರಿನಲ್ಲಿಯೇ ಇದ್ದ ಕಟ್ಟಿಗೆ, ನೀರಿಗೆ ಒಗ್ಗಿದೆ’ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ.

ಮೂರನೆಯದಾಗಿ, ಕಟ್ಟಿಗೆಯು ಯಾರಿಗೆ ಸೇರಿದ್ದೆಂಬುದು. ಮುನಿರಾಬಾದಿನ ಬಳಿಯ ಜಲಾಶಯದಿಂದ ಕೆಳಗೆ, ಆನೆಗೊಂದಿಯ ಬಂಡೆಗಳ ನಡುವೆ, ಪ್ರವಾಹ ತಂದೆಸೆದ ಕೊರಡುಗಳು ಕಣ್ಸೆಳೆಯುತ್ತವೆ. ಆದರೆ ಜಲಾಶಯದ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದೀಪಾತ್ರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಗಿದೆ. ಅಲ್ಲಿ ಸಿಕ್ಕಿಬಿದ್ದ ಮರದ ರಾಶಿ ಕಸವಲ್ಲ. ಅದು ಹೊಳೆಯ ಜೀವಿಗಳಿಗೆ ಮನೆ. ತೇಲಿಬಂದ ಮರವನ್ನು ಸರ್ಕಾರದ ಸ್ವತ್ತೆಂದು ಭಾವಿಸುವ ನಿಯಮವೂ ಅರಣ್ಯದ ಕಾಯಿದೆಯಲ್ಲಿದೆ. ಗಾಜಿನ ತೊಟ್ಟಿಯ ನಾಲ್ಕು ಮೀನುಗಳಿಗಾಗಿ ಹೊಳೆಯ ನೂರು ಮೀನುಗಳ ಆಸರೆಯನ್ನು ಕಸಿಯುವುದು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ. ಹಸಿಯ ಮರವನ್ನು ಕಡಿಯುವುದಂತೂ ಬೇಡವೇ ಬೇಡ. ಸ್ವಂತ ಹೊಲದಲ್ಲಿ, ಇಲ್ಲವೆ ಪರಿಚಿತರ ಹೊಲದಲ್ಲಿ, ತಾನಾಗಿ ಒಣಗಿ ಬಿದ್ದುದನ್ನು ಕೇಳಿ ತರುವುದೇ ಸರಿಯಾದ ಮಾರ್ಗ.

ಸಂಸ್ಕಾರದ ಕ್ರಮ

ಹೀಗೆ ಆರಿಸಿ ತಂದ ಕೊರಡಿಗೆ ಸಂಸ್ಕಾರ ಆಗಬೇಕು. ಸಂಸ್ಕಾರವೆಂದರೆ ಇರುವ ದೋಷವನ್ನು ಕಳೆಯುವುದು, ಇಲ್ಲದ ಗುಣವನ್ನು ತುಂಬುವುದು. ಇಲ್ಲಿ ಕಳೆಯಬೇಕಾದುದು ತೊಗಟೆ, ಮಣ್ಣು, ಒಗರು, ತುಂಬಬೇಕಾದುದು ನೀರು.

ಮೊದಲು ತೊಗಟೆಯನ್ನು ಪೂರ್ತಿಯಾಗಿ ಸುಲಿಯಬೇಕು. ಜಾಲಿಯ ತೊಗಟೆಯು ಚರ್ಮ ಹದಮಾಡುವುದಕ್ಕೆ ಬಳಕೆಯಾಗುವಷ್ಟು ಒಗರುಳ್ಳದ್ದು. ಮೆತ್ತಗಿರುವ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು, ಸಂದುಗೊಂದುಗಳಲ್ಲಿ ಸೇರಿರುವ ಮಣ್ಣನ್ನು ಗಡುಸಾದ ಕುಂಚದಿಂದ ಉಜ್ಜಬೇಕು. ಎರೆಭೂಮಿಯ ಬೇರುಗಳಲ್ಲಿ ಸುಣ್ಣದ ಹರಳುಗಳು ಸಿಕ್ಕಿಕೊಂಡಿರುತ್ತವೆ. ಅವನ್ನು ಬಿಡದೆ ಕೀಳಬೇಕು. ಸೋಪು, ಸೋಡಾ, ವಾರ್ನಿಷು, ಬಣ್ಣ ಇವಾವುದನ್ನೂ ಸೋಕಿಸಬಾರದು.

ಅನಂತರ, ಅಡುಗೆಗೆ ಮತ್ತೆ ಬಳಸದ ಹಳೆಯ ಪಾತ್ರೆಯಲ್ಲಿ, ಕೊರಡು ಪೂರ್ಣ ಮುಳುಗುವಂತೆ ನೀರು ಹಾಕಿ ಒಂದೆರಡು ತಾಸು ಕುದಿಸಿ, ಅದೇ ನೀರಿನಲ್ಲಿ ಆರಲು ಬಿಡಬೇಕು. ಇದರಿಂದ ಕ್ರಿಮಿಗಳೂ ಅವುಗಳ ಮೊಟ್ಟೆಗಳೂ ಸಾಯುತ್ತವೆ. ಇದಲ್ಲದೆ ಇನ್ನೊಂದು ಪ್ರಯೋಜನವೂ ಉಂಟು. ಯಾವ ಮರದ ಜೀವಕೋಶದ ಭಿತ್ತಿಯೇ ಆಗಲಿ, ನೀರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರವಾದುದು. ಆದರೂ ಒಣ ಮರ ತೇಲುವುದು ಅದರ ಸೂಕ್ಷ್ಮ ಕೋಶಗಳಲ್ಲಿ ಗಾಳಿ ತುಂಬಿರುವುದರಿಂದ. ಕುದಿಸಿದಾಗ ಆ ಗಾಳಿ ಹಿಗ್ಗಿ ಹೊರಹೋಗುತ್ತದೆ. ಆರುವಾಗ ಅದರ ಸ್ಥಾನವನ್ನು ನೀರು ಸೇರುತ್ತದೆ. ಪಾತ್ರೆಗೆ ಹಿಡಿಯದ ದೊಡ್ಡ ಕೊರಡಾದರೆ ಕುದಿಯುವ ನೀರನ್ನು ಅದರ ಮೇಲೆ ಹಲವು ಬಾರಿ ಸುರಿದು, ಹೆಚ್ಚು ಕಾಲ ನೆನೆಹಾಕಬೇಕು.

ಮುಂದಿನದು ನೆನೆಹಾಕುವ ಹಂತ. ತೊಟ್ಟಿಯಲ್ಲಿಯೋ ಬಾನಿಯಲ್ಲಿಯೋ ಕೊರಡನ್ನು ಮುಳುಗಿಸಿ, ಮೇಲೆ ಕಲ್ಲು ಹೇರಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಿರಬೇಕು. ಮೊದಮೊದಲು ನೀರು ಚಹಾದ ಕಷಾಯದಂತೆ ಕೆಂಪಾಗುತ್ತದೆ. ಅದು ಮರದ ಒಗರು. ಸ್ವಲ್ಪ ಉಳಿದರೂ ಮೀನಿಗೆ ಬಾಧಕವಲ್ಲ. ನಮ್ಮ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡುಸಾದುದರಿಂದ ಆ ಒಗರಿನ ಆಮ್ಲಗುಣ ಅದರಲ್ಲಿ ಅಡಗಿಹೋಗುತ್ತದೆ. ಎರಡು ವಾರದಿಂದ ಆರು ವಾರದವರೆಗೆ ಈ ಕ್ರಿಯೆ ನಡೆಯಬಹುದು. ನೀರು ತಿಳಿಯಾಗಿ, ದುರ್ಗಂಧವಿಲ್ಲದೆ, ಕೊರಡು ಕೈಬಿಟ್ಟರೂ ತಳದಲ್ಲಿಯೇ ನಿಂತಾಗ ಸಂಸ್ಕಾರ ಮುಗಿಯಿತೆಂದು ತಿಳಿಯಬೇಕು. ಹಟಮಾರಿಯಾಗಿ ತೇಲುವ ಕೊರಡನ್ನು ಕಗ್ಗಲ್ಲಿನ ಹಾಸಿಗೆ ಬಿಗಿಯಬಹುದು. ಕುಷ್ಟಗಿಯ ನೆರೆಯ ಇಳಕಲ್ಲಿನ ಕೆಂಪು ಕಲ್ಲು ಇದಕ್ಕೆ ತಕ್ಕುದು. ಕಲ್ಲಿನ ಮೇಲೆ ನಿಂಬೆಯ ರಸ ಹಿಂಡಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆಯೆಂದು ಬಿಟ್ಟುಬಿಡಬೇಕು.

ಕೊನೆಯದಾಗಿ, ಕೊರಡನ್ನಿಟ್ಟ ತೊಟ್ಟಿಗೆ ಒಡನೆಯೇ ಮೀನು ಬಿಡಬಾರದು. ಅಮೋನಿಯಾವನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಹಲವು ವಾರಗಳೇ ಬೇಕು. ಅವುಗಳಿಗೆ ಆಹಾರವಾಗಿ ಚಿಟಿಕೆಯಷ್ಟು ಮೀನಿನ ತಿನಿಸನ್ನು ಆಗಾಗ ನೀರಿಗೆ ಹಾಕುತ್ತಿರಬೇಕು. ಕ್ಷಾರಗುಣದ ನೀರಿನಲ್ಲಿ ಅಮೋನಿಯಾದ ವಿಷ ಇಮ್ಮಡಿಸುವುದರಿಂದ ನಮ್ಮ ಭಾಗದಲ್ಲಿ ಈ ಎಚ್ಚರ ಮತ್ತಷ್ಟು ಅವಶ್ಯ. ಆ ಅವಧಿಯಲ್ಲಿ ಕೊರಡಿನ ಮೇಲೆ ಬಿಳಿಯ ಲೋಳೆ ಕಟ್ಟಿದರೆ ಗಾಬರಿಯಾಗಬೇಕಾಗಿಲ್ಲ. ಅದನ್ನು ಒರೆಸಿ ತೆಗೆಯಬಹುದು. ಕೆಲ ವಾರಗಳಲ್ಲಿ ತಾನಾಗಿಯೇ ಇಲ್ಲವಾಗುತ್ತದೆ.

ಕಿನ್ನಾಳದ ಪಾಠ

ಮರದ ಗುಣವನ್ನರಿತು ಕೆಲಸಕ್ಕೆ ಹಚ್ಚುವ ವಿದ್ಯೆಗೆ ಕೊಪ್ಪಳ ತಾಲ್ಲೂಕಿನ ಕಿನ್ನಾಳವೇ ನಮ್ಮೆದುರಿನ ನಿದರ್ಶನ. ಅಲ್ಲಿಯ ಚಿತ್ರಗಾರರು ಗೊಂಬೆಗೆ ಹಗುರವಾದ, ಮೆದುವಾದ ಮರವನ್ನೇ ಆರಿಸುತ್ತಾರೆ. ಹುಣಸೆಬೀಜದ ಅಂಟಿನಿಂದ ಅದರ ಸಂದುಗಳನ್ನು ಬೆಸೆದು, ಮೇಲೆ ಲೇಪಕೊಟ್ಟು ಬಣ್ಣ ಬರೆಯುತ್ತಾರೆ. ಈ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಗೊಂಬೆಗೆ ಗುಣವಾದ ಹಗುರುತನವು ತೊಟ್ಟಿಯ ಕೊರಡಿಗೆ ದೋಷ; ತೊಟ್ಟಿಗೆ ಗುಣವಾದ ಭಾರವು ಗೊಂಬೆಗೆ ದೋಷ. ಹುಣಸೆಯು ಒಂದೆಡೆ ತನ್ನ ಬೀಜದಿಂದ, ಇನ್ನೊಂದೆಡೆ ತನ್ನ ಚೇಗಿನಿಂದ ಸಲ್ಲುತ್ತದೆ. ಬಣ್ಣದ ಗೊಂಬೆಯನ್ನು ಅಂದಕ್ಕಾಗಿ ನೀರಿಗೆ ಇಳಿಸಿದರೆ ಗೊಂಬೆಯೂ ಕೆಡುತ್ತದೆ, ಮೀನೂ ಉಳಿಯದು. ಯಾವ ವಸ್ತುವೂ ತನ್ನಷ್ಟಕ್ಕೆ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಇಲ್ಲ. ಸೇರುವ ಸ್ಥಾನವನ್ನು ನೋಡಿ ಅದರ ಯೋಗ್ಯತೆಯನ್ನು ನಿರ್ಣಯಿಸಬೇಕು.

ಒಂದು ಕೊರಡನ್ನು ಸಿದ್ಧಪಡಿಸಲು ತಿಂಗಳೆರಡು ತಿಂಗಳು ಕಾಯಬೇಕೆಂದರೆ ಇಂದಿನ ಮಕ್ಕಳಿಗೆ ಬೇಸರವಾದೀತು. ಆದರೆ ಶಾಲೆಯ ವರಾಂಡದಲ್ಲಿ ಒಂದು ಬಾನಿಯನ್ನಿಟ್ಟು, ಪಾಳಿಯ ಮೇಲೆ ನೀರು ಬದಲಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ, ದಿನದಿನವೂ ನೀರಿನ ಬಣ್ಣವನ್ನು ಬರೆದಿಡಲು ಹೇಳಿದರೆ, ಸಸ್ಯಶಾಸ್ತ್ರ, ರಸಾಯನಶಾಸ್ತ್ರಗಳ ಎಷ್ಟೋ ಪಾಠಗಳನ್ನು ಆ ಬಾನಿಯೇ ಕಲಿಸುತ್ತದೆ. ಕಪ್ಪು ನೀರು ಕೆಂಪಾಗಿ, ಕೆಂಪು ತಿಳಿಯಾಗಿ, ತೇಲುತ್ತಿದ್ದ ಕೊರಡು ಒಂದು ಮುಂಜಾನೆ ತಳಸೇರಿದುದನ್ನು ಕಂಡ ಬಾಲಕನು, ಮೊದಲ ಮೀನನ್ನು ತೊಟ್ಟಿಗೆ ಬಿಡುವಾಗ ಅದರ ಜೀವದ ಹೊಣೆ ತನ್ನದೆಂದು ಅರಿತಿರುತ್ತಾನೆ.