ಸೊಳ್ಳೆಗೆ ಬೇಡವಾದ ವಾಸನೆ ಮಗುವಿಗೆ ವಿಷವಾಗದಿರಲಿ

ಮಳೆಗಾಲದ ಒಂದು ಸಂಜೆ ಖೂಬಾ ಪ್ಲಾಟ್‌ನ ನನ್ನ ದವಾಖಾನೆಗೆ ಅತ್ತೆ-ಸೊಸೆ ಇಬ್ಬರು ಓಡುತ್ತಾ ಬಂದರು. ಸೊಸೆಯ ತೋಳಿನಲ್ಲಿ ಎರಡು ವರ್ಷದ ಮಗು. ಕೈಕಾಲು ಸೆಟೆದಿದ್ದವು, ಕಣ್ಣು ಮೇಲಾಗಿದ್ದವು, ಬಾಯಲ್ಲಿ ನೊರೆ. ಜ್ವರವಿರಲಿಲ್ಲ. ಹಿಂದೆಂದೂ ಫಿಟ್ಸ್ ಬಂದ ಮಗುವಲ್ಲ. ಪರೀಕ್ಷಿಸಲು ಬಗ್ಗಿದಾಗ ಅದರ ಬಾಯಿಂದ ಗುಡಿಯ ವಾಸನೆ ಬಂತು. ಕರ್ಪೂರ!

"ಸೊಳ್ಳಿ ಕಡೀಬಾರ್ದು ಅಂತ ಕೊಬ್ಬರಿ ಎಣ್ಯಾಗ ಕರ್ಪೂರ ಕರಗಿಸಿ ಇಟ್ಟಿದ್ದೆರಿ ಸಾಹೇಬ್ರ. ಬಟ್ಟಲದಾಗಿಂದು ಕುಡದಾನ" ಎಂದರು ಅಜ್ಜಿ. ಆಮೇಲೆ ಅಳುತ್ತಾ, "ಅದೇನ್ ಕೆಮಿಕಲ್ ಅಲ್ಲಲ್ರಿ, ದೇವರಿಗೆ ಹಚ್ಚೋದು" ಎಂದರು.

ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಫಿಟ್ಸ್ ನಿಲ್ಲಲು ಚುಚ್ಚುಮದ್ದು ಕೊಟ್ಟು, ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಎರಡು ದಿನದ ನಂತರ ಅದು ನಗುತ್ತಾ ಮನೆಗೆ ಮರಳಿತು. ಆದರೆ ಅಜ್ಜಿಯ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಗಿಡದಿಂದ ಬಂದದ್ದು ರಾಸಾಯನಿಕವಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ನಮ್ಮಲ್ಲಿ ಓದಿದವರೂ ನಂಬುತ್ತಾರೆ. ಈ ವಾರ ಆ ನಂಬಿಕೆಯ ಬಗ್ಗೆಯೇ ನಿಮ್ಮೊಡನೆ ಮಾತನಾಡಬೇಕಾಗಿದೆ.

ವಾಸನೆಯೇ ಕೀಟಗಳ ಭಾಷೆ

ನಮ್ಮ ಭಾಗದ ತೊಗರಿ ಹೊಲಗಳಲ್ಲಿ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲದ ಮೋಹಕ ಬಲೆಗಳನ್ನು ನೀವು ನೋಡಿರಬಹುದು. ಅದರಲ್ಲಿ ವಿಷವೇನೂ ಇರುವುದಿಲ್ಲ. ಕಾಯಿಕೊರಕದ ಹೆಣ್ಣು ಪತಂಗ ಗಂಡನ್ನು ಕರೆಯಲು ಹೊರಸೂಸುವ ವಾಸನೆಯನ್ನೇ ಒಂದು ಚಿಕ್ಕ ರಬ್ಬರ್ ತುಂಡಿಗೆ ಸೇರಿಸಿರುತ್ತಾರೆ. ಗಂಡು ಪತಂಗ ಹೆಣ್ಣಿದೆ ಎಂದು ಬಂದು ಚೀಲಕ್ಕೆ ಬೀಳುತ್ತದೆ. ನಮ್ಮ ಮೂಗಿಗೆ ತಿಳಿಯದಷ್ಟು ಅಲ್ಪ ಪ್ರಮಾಣದ ವಾಸನೆಯೂ ಕೀಟದ ನಡೆಯನ್ನು ಬದಲಿಸಬಲ್ಲದು.

ಸೊಳ್ಳೆಯೂ ಹೀಗೆಯೇ ನಮ್ಮನ್ನು ಹುಡುಕುತ್ತದೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅದು ಮೂವತ್ತು ಅಡಿ ದೂರದಿಂದಲೂ ಗುರುತಿಸಬಲ್ಲದು. ಹತ್ತಿರ ಬಂದಂತೆ ಬೆವರಿನ ಲ್ಯಾಕ್ಟಿಕ್ ಆಮ್ಲ, ಚರ್ಮದ ಇತರ ಆಮ್ಲಗಳು ಮತ್ತು ಮೈಯ ಬಿಸಿ ದಾರಿ ತೋರಿಸುತ್ತವೆ.

"ಮನ್ಯಾಗ ಐದು ಮಂದಿ ಅದೀವಿ, ನನಗಷ್ಟೇ ಯಾಕ್ರಿ ಕಡೀತಾವ?" ಎಂದು ಕೇಳುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಅವರ ದೂರು ಸುಳ್ಳಲ್ಲ. ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು 64 ಜನರ ತೋಳಿಗೆ ನೈಲಾನ್ ಕಾಲುಚೀಲ ತೊಡಿಸಿ, ಆ ಬಟ್ಟೆಯ ವಾಸನೆಗೆ ಸೊಳ್ಳೆಗಳು ಹೇಗೆ ಬರುತ್ತವೆಂದು ನೋಡಿ 2022ರಲ್ಲಿ ವರದಿ ಪ್ರಕಟಿಸಿದರು. ಚರ್ಮದಲ್ಲಿ ಕಾರ್ಬಾಕ್ಸಿಲಿಕ್ ಆಮ್ಲಗಳು ಹೆಚ್ಚಿರುವವರ ಕಡೆಗೇ ಅವು ಹೆಚ್ಚು ಮುತ್ತುತ್ತಿದ್ದವು. ವರ್ಷಗಳು ಕಳೆದರೂ ಈ ವ್ಯತ್ಯಾಸ ಹೋಗಿರಲಿಲ್ಲ. ಗರ್ಭಿಣಿಯರ ಉಸಿರು ಹೆಚ್ಚು, ಮೈಯೂ ಬೆಚ್ಚಗೆ. ಅವರ ಕಡೆಗೆ ಇತರರಿಗಿಂತ ಎರಡರಷ್ಟು ಮಲೇರಿಯಾ ಸೊಳ್ಳೆಗಳು ಬರುತ್ತವೆಂದು ಆಫ್ರಿಕಾದ ಗ್ಯಾಂಬಿಯಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಿಮ್ಮ ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಸೊಳ್ಳೆ ಪರದೆ ಮೊದಲು ಆಕೆಗೆ ಸಿಗಬೇಕು.

ಬಾಳೆಹಣ್ಣು ತಿಂದವರ ಕೈಗೆ ಸೊಳ್ಳೆ ಸ್ವಲ್ಪ ಹೆಚ್ಚು ಬರುತ್ತದೆಂದು 2018ರ ಒಂದು ಚಿಕ್ಕ ಪ್ರಯೋಗ ಹೇಳಿತು. ಅಷ್ಟಕ್ಕೇ ಹೆದರಿ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬಿಡಬೇಡಿ! ಬೆಳ್ಳುಳ್ಳಿ ತಿಂದರೆ ಸೊಳ್ಳೆ ಬರುವುದಿಲ್ಲ ಎಂಬುದಕ್ಕಂತೂ ಪರೀಕ್ಷೆಯಲ್ಲಿ ಆಧಾರ ಸಿಗಲಿಲ್ಲ.

ಗಿಡಮರಗಳ ರಕ್ಷಣೆ

ಓಡಿಹೋಗಲಾರದ ಗಿಡ ತನ್ನನ್ನು ತಿನ್ನುವ ಹುಳುಗಳಿಂದ ಪಾರಾಗಲು ರಾಸಾಯನಿಕಗಳನ್ನೇ ನಂಬಿಕೊಂಡಿದೆ. 1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಗಳ ದಂಡು ಸುತ್ತಲಿನ ಹಸಿರನ್ನೆಲ್ಲ ಮುಕ್ಕಿದರೂ ಬೇವಿನ ಮರಗಳನ್ನು ಬಿಟ್ಟದ್ದನ್ನು ಜರ್ಮನಿಯ ಕೀಟವಿಜ್ಞಾನಿ ಶ್ಮುಟರರ್ ಗಮನಿಸಿದರು. ಬೇವಿನ ಬೀಜದ ಅಜಾಡಿರಾಕ್ಟಿನ್ ಎಂಬ ವಸ್ತು ಕೀಟಗಳಿಗೆ ತಿನ್ನುವ ಮನಸ್ಸನ್ನೇ ಕೆಡಿಸುತ್ತದೆ. ಸೇವಂತಿಗೆಯ ಜಾತಿಯ ಒಂದು ಹೂವಿನಿಂದ ಬರುವ ಪೈರೆತ್ರಮ್ ಕೀಟಗಳ ನರಗಳನ್ನು ಕೆಡಿಸುತ್ತದೆ. ಇಂದು ನಾವು ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವದ ಔಷಧಗಳು ಅದನ್ನೇ ಅನುಸರಿಸಿ ಕಾರ್ಖಾನೆಯಲ್ಲಿ ತಯಾರಾದವು.

ನಮ್ಮ ಹಿರಿಯರು ಸಂಜೆ ಹೊತ್ತು ಬೇವಿನ ತಪ್ಪಲ, ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತಿದ್ದುದರಲ್ಲಿ ಅರ್ಥವಿದೆ. ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎರಡು ಪಾಲು ಬೇವಿನ ಎಣ್ಣೆ ಬೆರೆಸಿ ಮೈಗೆ ಹಚ್ಚಿ ನೋಡಿದರು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಿಂದ 12 ಗಂಟೆ ರಕ್ಷಣೆ ಸಿಕ್ಕಿತೆಂದು 1993ರಲ್ಲಿ ಪ್ರಕಟಿಸಿದರು. ಆದರೆ ಎಲ್ಲ ಜಾತಿಯ ಸೊಳ್ಳೆಗಳೂ ಬೇವಿಗೆ ಒಂದೇ ರೀತಿ ಹೆದರುವುದಿಲ್ಲ. ಹಗಲು ಕಚ್ಚುವ ಡೆಂಗಿ ಸೊಳ್ಳೆಗೆ ಇದೊಂದನ್ನೇ ನಂಬಿ ಕೂರಬೇಡಿ. ಹೊಗೆಯೂ ಪುಪ್ಪುಸಕ್ಕೆ ಒಳ್ಳೆಯದಲ್ಲ. ಮುಚ್ಚಿದ ಕೋಣೆಯಲ್ಲಿ ಒಂದು ಸೊಳ್ಳೆ ಬತ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಿಂದ ಬರುವಷ್ಟು ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ದಮ್ಮು ಇರುವವರ ಮನೆಯಲ್ಲಿ ಬೇವಿನ ಹೊಗೆಯೂ ಬೇಡ, ಬತ್ತಿಯೂ ಬೇಡ.

ಚರ್ಮಕ್ಕೆ ಸರಿ, ಹೊಟ್ಟೆಗಲ್ಲ

ಈಗ ಆ ಬಟ್ಟಲಿನ ವಿಷಯಕ್ಕೆ ಬರೋಣ. ಕರ್ಪೂರ ಹೊಟ್ಟೆಗೆ ಹೋದ ಕೂಡಲೇ ರಕ್ತ ಸೇರಿ ಮಿದುಳಿಗೆ ಮುಟ್ಟುತ್ತದೆ. ಕೆಲವು ನಿಮಿಷಗಳಿಂದ ಒಂದೂವರೆ ಗಂಟೆಯೊಳಗೆ ಫಿಟ್ಸ್ ಬರಬಹುದು. ಚಿಕ್ಕ ಮಗುವಿಗೆ ಒಂದು ಗ್ರಾಂ ಕರ್ಪೂರವೂ ಪ್ರಾಣಾಂತಿಕವಾಗಬಲ್ಲದು. ನೀಲಗಿರಿ ಎಣ್ಣೆಯ ಒಂದು ಚಮಚ ಸಾಕು, ಮಗು ಎಚ್ಚರ ತಪ್ಪಬಹುದು. ಬೇವಿನ ಎಣ್ಣೆಯಂತೂ ಔಷಧವೆಂದೇ ನಮ್ಮ ಭಾವನೆ. ಕೂಸುಗಳಿಗೆ ಅದನ್ನು ಕುಡಿಸಿದ ಮೇಲೆ ವಾಂತಿ, ಮಂಪರು, ಫಿಟ್ಸ್ ಬಂದು ಯಕೃತ್ತು ಮತ್ತು ಮಿದುಳು ಕೆಟ್ಟ ಪ್ರಕರಣಗಳನ್ನು ಮಲೇಷಿಯಾದ ವೈದ್ಯರು 1981ರಲ್ಲಿ ವರದಿ ಮಾಡಿದರು. ಸೊಳ್ಳೆಯ ನರಗಳನ್ನು ಕಾಡುವ ವಸ್ತು ಹತ್ತು ಕಿಲೋ ತೂಕದ ಮಗುವಿನ ನರಗಳನ್ನು ಸುಮ್ಮನೆ ಬಿಟ್ಟೀತೆಂದು ಹೇಗೆ ನಂಬುವುದು?

ಅಕಸ್ಮಾತ್ ಮಗು ಇಂಥದ್ದನ್ನು ಕುಡಿದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಣ್ಣೆ ಶ್ವಾಸನಾಳಕ್ಕೆ ಹೋದರೆ ಇನ್ನೂ ಕೆಡುಕು. ಹಾಲು, ತುಪ್ಪ ಕುಡಿಸಬೇಡಿ. ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ. ಉಳ್ಳಾಗಡ್ಡಿ ಮೂಸಿಸುವುದು, ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಕುಡಿದ ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. "ಈಗ ಆರಾಮ ಅದಾನ" ಎಂದು ಕಾಯಬೇಡಿ.

ಹಾಗಾದರೆ ಮಾಡುವುದೇನು?

ಎರಡು ತಿಂಗಳೊಳಗಿನ ಕೂಸಿಗೆ ಯಾವ ಮುಲಾಮೂ ಬೇಡ, ಪರದೆಯೇ ಸಾಕು. ಎರಡು ವರ್ಷದೊಳಗಿನ ಮಕ್ಕಳ ಮೂಗು, ಎದೆಯ ಹತ್ತಿರ ಕರ್ಪೂರ ಹಚ್ಚಬೇಡಿ. ದೊಡ್ಡ ಮಕ್ಕಳಿಗೆ ಅಂಗಡಿಯ ಮುಲಾಮನ್ನು ಚೀಟಿಯ ಮೇಲೆ ಬರೆದಂತೆ ನೀವೇ ಹಚ್ಚಿ; ಅವರ ಅಂಗೈಗೆ ಮಾತ್ರ ಹಚ್ಚಬೇಡಿ, ಅದು ನೇರ ಬಾಯಿಗೆ ಹೋಗುತ್ತದೆ. ಎಣ್ಣೆ, ಕರ್ಪೂರ, ಸೊಳ್ಳೆ ದ್ರವ ಎಲ್ಲವೂ ಬಟ್ಟಲಿನಲ್ಲಲ್ಲ, ಮುಚ್ಚಳ ಬಿಗಿದು ಮಕ್ಕಳ ಕೈಗೆ ಸಿಗದ ಎತ್ತರದ ಮಾಡಿನಲ್ಲಿರಲಿ.

ಇವೆಲ್ಲಕ್ಕಿಂತ ಮುಖ್ಯವಾದ ಕೆಲಸ ನೀರಿನದು. ಕ್ಯೂಲೆಕ್ಸ್ ಸೊಳ್ಳೆ ಕೊಳಕು ನೀರಿನ ಮೇಲೆ ಮೊಟ್ಟೆಯಿಟ್ಟಾಗ ಆ ಮೊಟ್ಟೆಯಿಂದ ಬರುವ ವಾಸನೆ ಇತರ ಹೆಣ್ಣು ಸೊಳ್ಳೆಗಳನ್ನೂ ಅಲ್ಲಿಗೇ ಕರೆಯುತ್ತದೆ. ಕಟ್ಟಿಕೊಂಡ ಒಂದು ಗಟಾರವೇ ಇಡೀ ಓಣಿಯ ಹೆರಿಗೆ ಮನೆಯಾಗುತ್ತದೆ. ನಮ್ಮ ಕಲಬುರಗಿ, ಬೀದರ್, ರಾಯಚೂರು ಭಾಗದಲ್ಲಿ ಆನೆಕಾಲು ರೋಗ ಹರಡಿದ್ದು ಇದೇ ಸೊಳ್ಳೆಯಿಂದ. ಡೆಂಗಿಯ ಸೊಳ್ಳೆಗೆ ಬೇಕಾದದ್ದು ತಿಳಿನೀರು. ನಳ ದಿನವೂ ಬಾರದ ಬಡಾವಣೆಗಳಲ್ಲಿ ತುಂಬಿಟ್ಟ ಬ್ಯಾರಲ್, ಹೌದು, ಬೇಸಿಗೆ ಮುಗಿದರೂ ಖಾಲಿ ಮಾಡದ ಕೂಲರ್ ಅದರ ತವರು. ಅದರ ಮೊಟ್ಟೆಗಳು ಒಣಗಿದ ಕೂಲರಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಬೇಕು. ವಾರಕ್ಕೊಂದು ದಿನ ಇದಕ್ಕೆಂದೇ ಗೊತ್ತು ಮಾಡಿಕೊಳ್ಳಿ.

ಆ ಅಜ್ಜಿ ಮೊನ್ನೆ ಬಿ.ಪಿ. ತೋರಿಸಲು ಬಂದಿದ್ದರು. "ಕರ್ಪೂರ ಈಗ ದೇವರ ಮಾಡಿನ ಮ್ಯಾಲಿನ ಡಬ್ಬಿದಾಗ ಅದರಿ, ಕೂಲರ್ ಮಾತ್ರ ನಮ್ಮ ಮಗ ತೊಳದಿಲ್ಲ" ಎಂದರು. ನಿಮ್ಮ ಮನೆಯ ಕೂಲರನ್ನು ಕಡೆಯ ಸಲ ಉಜ್ಜಿ ತೊಳೆದದ್ದು ಯಾವಾಗ?