ಮಾತಿಗೆ ಮೊದಲು ಮಾತಿನ ಕ್ರಮ: ಗ್ರಾಮಸಭೆಯಿಂದ ಪಾಲನಾ ಮಂಡಳಿಗೆ ಪಾಠ

ಸಭೆ ಕರೆಯುವುದು ಸುಲಭ. ಭಿನ್ನ ನಂಬಿಕೆ, ಭಿನ್ನ ಹಿತಾಸಕ್ತಿಯವರನ್ನು ಒಂದೆಡೆ ಕೂರಿಸಿ ಎಲ್ಲರ ಮಾತಿಗೂ ಬೆಲೆ ಸಿಗುವಂತೆ ಮಾಡುವುದು ಕಷ್ಟ. ಅದಕ್ಕೆ ಮೊದಲೇ ಒಂದು ಕ್ರಮ ಬೇಕು. ಇದನ್ನು ನಾಗರಹೊಳೆಯ ಕಾಡಂಚಿನಿಂದ ನಾವು ಕಲಿಯಬಹುದು.

ಹುಣಸೂರು, ಎಚ್.ಡಿ. ಕೋಟೆ ಹಾಗೂ ಹಾರನಹಳ್ಳಿ ಹೋಬಳಿ ಸೇರಿರುವ ಪಿರಿಯಾಪಟ್ಟಣ ತಾಲ್ಲೂಕಿನ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ. ಅವರಿಗೆ ಕಾಡು ಹಿರಿಯರ ನೆಲ, ದೇವರ ನೆಲೆ. ಅರಣ್ಯ ಇಲಾಖೆಗೆ ಅದು ಹುಲಿಯ ನೆಲೆ. ಕಾಡಂಚಿನ ರೈತನಿಗೆ ಆನೆ ಬೆಳೆ ತುಳಿಯುವ ಚಿಂತೆ. ಮೂವರ ಮಾತಿನಲ್ಲೂ ಸತ್ಯವಿದೆ.

ಹಿಂದೆ ಇಲ್ಲಿನ ಅರಣ್ಯಭೂಮಿಯನ್ನು ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಾಗ ಬುಡಕಟ್ಟು ಜನರು ಹೋರಾಡಿದರು. 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪಿತ್ತಿತು. ಮೊದಲು ತೀರ್ಮಾನ, ಆಮೇಲೆ ಮಾತು ಎಂದಾದರೆ ಜನರಿಗೆ ಉಳಿಯುವುದು ಬೀದಿ ಮತ್ತು ನ್ಯಾಯಾಲಯ ಮಾತ್ರ.

2006ರ ಅರಣ್ಯ ಹಕ್ಕು ಕಾಯ್ದೆ ಈ ಕ್ರಮವನ್ನು ಬದಲಿಸಿತು. ಹಕ್ಕಿನ ಅರ್ಜಿಯ ಪರಿಶೀಲನೆ ಗ್ರಾಮಸಭೆಯಿಂದಲೇ ಆರಂಭವಾಗಬೇಕು. 2012ರ ತಿದ್ದುಪಡಿಯಂತೆ ಸದಸ್ಯರಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿರ್ಣಯ ಕೈಗೊಳ್ಳುವಾಗ ಅರ್ಜಿದಾರರಲ್ಲಿ ಶೇ. 50ರಷ್ಟು ಮಂದಿ ಇರಬೇಕು. ಅಂದರೆ ಯಾರ ಬದುಕಿನ ಪ್ರಶ್ನೆಯೋ ಅವರಿಲ್ಲದೆ ತೀರ್ಮಾನವಿಲ್ಲ. ಆದರೆ ಕಾಗದದ ಕ್ರಮವಷ್ಟೇ ಸಾಲದು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗು ಭಾಗದ ಕರಡಿಕಲ್ಲಿಗೆ ಜೇನುಕುರುಬ ಕುಟುಂಬಗಳು ತಾವಾಗಿಯೇ ಮರಳಿದಾಗ ಹಳೆಯ ಬಿಕ್ಕಟ್ಟು ಮತ್ತೆ ತಲೆಯೆತ್ತಿತು.

ನಮ್ಮ ಧರ್ಮಕೇಂದ್ರಗಳಲ್ಲೂ ವಾದಗಳಿಗೆ ಬರವಿಲ್ಲ. ಬಲಿಪೂಜೆ ಕೊಂಕಣಿಯಲ್ಲೋ ಕನ್ನಡದಲ್ಲೋ? ಹಳೆಯ ದೇವಾಲಯವನ್ನು ಉಳಿಸುವುದೋ ಹೊಸದು ಕಟ್ಟುವುದೋ? 2023ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ನಡೆದ ಸಿನೊಡ್ ಒಂದು ದಾರಿ ತೋರಿಸಿದೆ. ಅಲ್ಲಿ ಕಾರ್ಡಿನಲರು, ಧರ್ಮಾಧ್ಯಕ್ಷರು, ಧರ್ಮಭಗಿನಿಯರು, ಶ್ರೀಸಾಮಾನ್ಯರು ದುಂಡು ಮೇಜುಗಳ ಸುತ್ತ ಕುಳಿತರು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಮಾತನಾಡುತ್ತಾರೆ, ಯಾರೂ ಉತ್ತರಿಸುವುದಿಲ್ಲ. ಎರಡನೆಯದರಲ್ಲಿ ಇತರರ ಮಾತಿನಲ್ಲಿ ತಮ್ಮ ಮನ ಮುಟ್ಟಿದ್ದನ್ನು ಹೇಳುತ್ತಾರೆ. ಮೂರನೆಯದರಲ್ಲಿ ಒಮ್ಮತ ಎಲ್ಲಿ, ಭೇದ ಎಲ್ಲಿ ಎಂದು ಗುರುತಿಸುತ್ತಾರೆ. ಸುತ್ತುಗಳ ನಡುವೆ ಮೌನ ಪ್ರಾರ್ಥನೆ.

ಇದನ್ನು ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲೇ ಪ್ರಯತ್ನಿಸಬಹುದು. ವಿಷಯವನ್ನು ವಾರದ ಮೊದಲೇ ಎಲ್ಲ ವಾರ್ಡುಗಳಿಗೂ ತಿಳಿಸೋಣ. ತೀರ್ಮಾನದ ಬಿಸಿ ತಟ್ಟುವವರನ್ನು ತಪ್ಪದೆ ಕರೆಯೋಣ. ಭಿನ್ನಾಭಿಪ್ರಾಯವನ್ನೂ ನಡಾವಳಿ ಪುಸ್ತಕದಲ್ಲಿ ಬರೆಯೋಣ.

ಗುರುಗಳಾದ ನಮಗೆ ಒಂದು ಮಾತು. ನಾವು ಮೊದಲೇ ಬಾಯಿ ತೆರೆದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಜೆರುಸಲೇಮಿನ ಸಭೆಯಲ್ಲಿ ಯಕೋಬನು ಎಲ್ಲರ ಮಾತು ಮುಗಿದ ಮೇಲೆಯೇ ತನ್ನ ಅಭಿಪ್ರಾಯ ಹೇಳಿದ ಎಂಬುದನ್ನು ಮರೆಯದಿರೋಣ.