ಮಾಲ್ಟನ್‌ನಲ್ಲಿ ತಪ್ಪಿದ ಲೆಕ್ಕ

ಟೊರಾಂಟೊಗೆ ಬರುವ ಕನ್ನಡಿಗರು ಇಳಿಯುವುದು ಮಾಲ್ಟನ್‌ಗೆ ಅಂಟಿಕೊಂಡ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ. ಒಂದು ಕಾಲಕ್ಕೆ ಅಲ್ಲೇ ಆವ್ರೊ ಕೆನಡಾ ಕಾರ್ಖಾನೆ ಇತ್ತು. 1957ರ ಅಕ್ಟೋಬರ್ 4ರಂದು ಅದು ಇಬ್ಬರು ಕೂರುವ ಆ್ಯರೊ ಯುದ್ಧವಿಮಾನವನ್ನು ಜನರೆದುರು ಹೊರತಂದಿತು. ಅದೇ ದಿನ ಸೋವಿಯತ್ ರಾಕೆಟ್ಟಿನಲ್ಲಿ ಸ್ಪುಟ್ನಿಕ್ ಉಪಗ್ರಹ ಹಾರಿ, ಪೈಲಟ್ ಕೂತು ಹೊಡೆದಾಡುವ ಕಾಲ ಮುಗಿಯಿತೆಂಬ ಮಾತಿಗೆ ಬಲ ಬಂತು.

ಆ್ಯರೊಗೆ ಎದುರಾಳಿಯಾಗಿದ್ದು ಅಮೆರಿಕದ ಬೊಮಾರ್ಕ್. ಅದು ಕ್ಷಿಪಣಿ; ಆದರೂ ಅಮೆರಿಕದ ವಾಯುಪಡೆ ಮೊದಲು ಅದಕ್ಕೆ ಕೊಟ್ಟ ಹೆಸರು ಎಫ್-99. ಪೈಲಟ್ ಇಲ್ಲದ ಫೈಟರ್ ಎಂದೇ ಅದನ್ನು ಎಣಿಸಿದ್ದರು.

ಜಗಳವೆಲ್ಲ ಬೆಲೆಯದು. ನೂರು ಆ್ಯರೊ ಕೊಂಡರೆ ಒಂದಕ್ಕೆ 125 ಲಕ್ಷ ಡಾಲರ್ ಎಂಬ ಅಂದಾಜು 78 ಲಕ್ಷಕ್ಕೆ ಇಳಿದಿತ್ತು. ಇದರಲ್ಲಿ ಆಯುಧ, ಬಿಡಿಭಾಗ, ಬಾಕಿ ಅಭಿವೃದ್ಧಿ ಎಲ್ಲವೂ ಸೇರಿತ್ತು. ಬರೀ ವಿಮಾನವನ್ನು ಸುಮಾರು 35 ಲಕ್ಷಕ್ಕೆ ಕೊಡುತ್ತೇವೆಂದು ಆವ್ರೊ ಹೇಳಿತು. ಬೊಮಾರ್ಕನ್ನು ರೂಪಿಸಿದ ಖರ್ಚು ಅಮೆರಿಕದ್ದು. ಕೆನಡಾದಲ್ಲಿ ಅದನ್ನು ನೆಲೆಗೊಳಿಸುವ ವೆಚ್ಚದಲ್ಲೂ ದೊಡ್ಡ ಪಾಲನ್ನು ಅದೇ ಹೊತ್ತಿತು. ತನ್ನ ಖರ್ಚನ್ನೆಲ್ಲ ತಾನೇ ಹೊರಬೇಕಾದ ವಿಮಾನವನ್ನೂ ಬೇರೆಯವರು ಹಣ ಸುರಿದ ಕ್ಷಿಪಣಿಯನ್ನೂ ಒಂದೇ ತಕ್ಕಡಿಗೆ ಹಾಕಿದರು. ಕ್ಷಿಪಣಿ ಹಾರುವುದು ಒಂದೇ ಸಲ ಎಂಬುದು ಯಾವ ಕಲಮಿಗೆ ಸೇರಬೇಕೋ!

1959ರ ಫೆಬ್ರುವರಿ 20, ಶುಕ್ರವಾರ, ಪ್ರಧಾನಿ ಡೀಫನ್‌ಬೇಕರ್ ಯೋಜನೆಯನ್ನು ಕೈಬಿಟ್ಟರು. ಸುದ್ದಿ ಕಾರ್ಖಾನೆಯ ಧ್ವನಿವರ್ಧಕದಲ್ಲಿ ಬಂತು. ಅಂದೇ ಸುಮಾರು 14 ಸಾವಿರ ಮಂದಿಯ ಕೆಲಸ ಹೋಯಿತು. ಜಿಮ್ ಚೇಂಬರ್ಲಿನ್, ಓವೆನ್ ಮೇನಾರ್ಡ್‌ರಂಥ ಎಂಜಿನಿಯರುಗಳು ನಾಸಾ ಸೇರಿದರು. ಹಾರಿದ ಐದೂ ವಿಮಾನಗಳನ್ನು ಕತ್ತರಿಸಿ ಗುಜರಿಗೆ ಹಾಕಿದ್ದನ್ನು ಮಾತ್ರ ಯಾವ ಉಳಿತಾಯದ ನೆಪವೂ ಸಮರ್ಥಿಸದು. ಇನ್ನೂ ಹಾರದಿದ್ದ ಆರನೆಯದರ ಮೂತಿ ಒಟ್ಟಾವದ ಮ್ಯೂಸಿಯಂನಲ್ಲಿದೆ.

ಎರಡೇ ವರ್ಷದಲ್ಲಿ, 1961ರಲ್ಲಿ, ಅದೇ ಸರ್ಕಾರ ಪೈಲಟ್ ಕೂರುವ 66 ವೂಡೂ ವಿಮಾನಗಳನ್ನು ಅಮೆರಿಕದಿಂದ ತರಿಸಿತು. ಬೊಮಾರ್ಕ್ ಕೆನಡಾದ ನಾರ್ತ್ ಬೇ, ಲಾ ಮಕಾಜಾ ನೆಲೆಗಳಿಗೆ ಬಂದರೂ ಅಣು ಸಿಡಿತಲೆಯಿಲ್ಲದೆ ನಿಷ್ಪ್ರಯೋಜಕ. ಆ ಸಿಡಿತಲೆಯ ಜಗಳದಲ್ಲೇ 1963ರಲ್ಲಿ ಡೀಫನ್‌ಬೇಕರ್ ಸರ್ಕಾರ ಬಿತ್ತು. ಸಿಡಿತಲೆ ತರಿಸಿಕೊಂಡವರು ಮುಂದಿನ ಪ್ರಧಾನಿ ಲೆಸ್ಟರ್ ಪಿಯರ್ಸನ್. ಮಾಲ್ಟನ್ ನಿಲ್ದಾಣಕ್ಕೆ ಈಗಿರುವುದು ಅವರದೇ ಹೆಸರು. 1972ರ ಹೊತ್ತಿಗೆ ಬೊಮಾರ್ಕ್ ಕೂಡ ಮೂಲೆ ಸೇರಿತು.

2023ರಲ್ಲಿ ಕೆನಡಾ ಪೈಲಟ್ ಕೂರುವ 88 ಎಫ್-35ಗಳನ್ನೂ, ನೆಲದಿಂದ ನಡೆಸುವ 11 ಎಂಕ್ಯೂ-9ಬಿ ಡ್ರೋನ್‌ಗಳನ್ನೂ ಕೊಳ್ಳಲು ನಿರ್ಧರಿಸಿತು. ಡ್ರೋನ್ ಒಪ್ಪಂದ 249 ಕೋಟಿ ಕೆನಡಾ ಡಾಲರಿನದು. ಅದರಲ್ಲಿ ನೆಲದ ನಿಯಂತ್ರಣ ಕೇಂದ್ರ, ಆಯುಧಗಳೂ ಸೇರಿವೆ. ಹನ್ನೊಂದರಿಂದ ಭಾಗಿಸಿ ಒಂದರ ಬೆಲೆ ಇಷ್ಟೇ ಎಂದು ಯಾರಾದರೂ ಹೇಳಿದರೆ, ಬಿಲ್ಲಿನಲ್ಲಿ ಏನೇನು ಸೇರಿದೆ ಎಂದು ಮೊದಲು ಕೇಳಿ.